ನೆಗೆಣ್ಣಿಯ ಹೊಂಡ, ನನ್ನ ಒಡ್ಡು

ಹೋದ ವಾರ ನಮ್ಮ ಸಂಪಾದಕರು ಫೋನ್ ಮಾಡಿದ್ದರು. ಅವರ ಫೋನ್ ಬಂತೆಂದರೆ ನನ್ನ ಅಂಕಣ ಇನ್ನೂ ತಲುಪಿಲ್ಲ ಎಂದೇ ಅರ್ಥ. ರಿಸೀವರ್ ಎತ್ತುವ ಮೊದಲೇ ಒಂದು ನೆಪ ರೆಡಿ ಮಾಡಿಟ್ಟುಕೊಂಡಿದ್ದೆ. ಆದರೆ ಅವರು ಕೇಳಿದ್ದೇ ಬೇರೆ.

“ಮೇಡಂ, ನಿಮ್ಮ ಬೈಲಹೊಂಗಲ ಭಾಗದಾಗ ಒಬ್ಬರು ಹೆಣ್ಣುಮಕ್ಕಳು ಕಪ್ಪಿ ಸಂತತಿ ಉಳಿಸ್ಯಾರಂತಲ್ರಿ! ಸುಶೀಲಾಬಾಯಿ ಅಂತ. ಬ್ಯಾರೆ ಪೇಪರಿನವರು ಫೋಟೋ ಹಾಕೇ ಬಿಟ್ಟಾರ. ನಿಮಗ ಅವರ ಗುರುತೇನರ ಐತೇನ್ರಿ?”

ಗುರುತೇ? ಆಕೆ ನನ್ನ ನೆಗೆಣ್ಣಿ. ನನ್ನ ಮೈದುನನ ಹೆಂಡತಿ. ವರ್ಷಗಟ್ಟಲೆ ಒಂದೇ ಅಡುಗೆಮನೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೆಲಸ ಮಾಡಿದವರು ನಾವು. ಆಕೆ ಹಾಕಿದ ಉಪ್ಪಿನಕಾಯಿ ಎರಡನೆಯ ವರ್ಷಕ್ಕೂ ಕೆಡುತ್ತಿರಲಿಲ್ಲ, ನನ್ನದಕ್ಕೆ ದೀಪಾವಳಿಯೊಳಗೇ ಬೂಷ್ಟು ಬರುತ್ತಿತ್ತು. (ಇದನ್ನು ನಾನೇ ಹೇಳಿಬಿಡುತ್ತೇನೆ. ಆಮೇಲೆ ನೀವು ಬೇರೆಯವರ ಬಾಯಿಂದ ಕೇಳುವುದು ಬೇಡ.)

“ಗುರುತೈತ್ರಿ” ಎಂದೆ.

“ಹಂಗಿದ್ರ ಈ ವಾರ ಅದನ್ನೇ ಬರೀರಿ!” ಎಂದು ಖುಷಿಯಿಂದ ಫೋನ್ ಇಟ್ಟರು.

ಸರಿ, ಬರೆಯುತ್ತಿದ್ದೇನೆ. ಆದರೆ ಓದುಗರಿಗೆ ಮೊದಲೇ ಒಂದು ಮಾತು. ಇದು ಪರಿಸರ ಪ್ರೇಮದ ಬರಹ ಅಂದುಕೊಂಡು ಓದಲು ಕೂತಿದ್ದರೆ ಪುಟ ತಿರುವಿಹಾಕಿ. ಇದು ಹೊಟ್ಟೆಕಿಚ್ಚಿನ ಬರಹ. ನನ್ನ ಹೊಟ್ಟೆಯದೇ ಕಿಚ್ಚು, ಯಾರಿಂದಲೂ ಕಡ ತಂದದ್ದಲ್ಲ.

ಕಥೆ ಶುರುವಾಗುವುದು ಹೊಲ ಪಾಲಾದ ದಿನದಿಂದ. ನನ್ನ ಯಜಮಾನರು ಬೈಲಹೊಂಗಲದಲ್ಲಿ ವಕೀಲರು. ಮೈದುನ ಊರಲ್ಲೇ ಉಳಿದು ಒಕ್ಕಲುತನ ಮಾಡಿಕೊಂಡವನು. ಊರು ಇರುವುದು ಕಿತ್ತೂರಿನ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಸ್ಕೂಟರಿನ ಹಿಂದೆ ಕೂತು ಹೋದರೆ ಸೊಂಟ ನೆನಪಿಟ್ಟುಕೊಳ್ಳುವಷ್ಟು ದೂರ. ತೊಂಬತ್ತರ ದಶಕದ ಆರಂಭದಲ್ಲಿ, ಮಾವನವರು ಗಟ್ಟಿ ಇರುವಾಗಲೇ, “ನನ್ನ ಕಣ್ಣ ಮುಂದ ಹಂಚಿಕೊಂಡ ಬಿಡ್ರಿ” ಎಂದು ಇಬ್ಬರೂ ಮಕ್ಕಳನ್ನು ಕೂರಿಸಿದರು.

ನಮ್ಮ ಕಡೆ ಪಾಲಿಗೊಂದು ಪದ್ಧತಿ ಇದೆ. ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಯಾವುದು ತನ್ನ ಕೈಗೆ ಉಳಿಯುತ್ತದೆಂದು ಗೊತ್ತಿಲ್ಲದಿದ್ದರೆ ಹಿರಿಯ ತಕ್ಕಡಿ ಸರಿಯಾಗಿ ಹಿಡಿಯುತ್ತಾನೆ ಎಂಬ ಲೆಕ್ಕಾಚಾರ. ಹಿಂದಿನವರೇನು ದಡ್ಡರೇ? ಅಣ್ಣತಮ್ಮಂದಿರನ್ನು ಚೆನ್ನಾಗಿ ಅರಿತವರೇ ಈ ಪದ್ಧತಿ ಮಾಡಿದ್ದಾರೆ.

ನಮ್ಮವರು ಕಪ್ಪು ಮಣ್ಣಿನ ಎರಿ ಭೂಮಿಯನ್ನು ಸರಿಸಮ ಎರಡು ಮಾಡಿದರು. ಉಳಿದದ್ದು ನಡುವಿನ ಒಂದು ಹೊಂಡ ಮತ್ತು ಹೊಂಡಕ್ಕೆ ಅಂಟಿಕೊಂಡ ಒಂದು ಒಡ್ಡು. ಒಡ್ಡು ಎಂದರೆ ನೀರು ಕೊಚ್ಚಿ ಹೋಗದಂತೆ ಅಜ್ಜನ ಕಾಲದಲ್ಲಿ ಹಾಕಿದ ಮಣ್ಣಿನ ಏರಿ. ಎತ್ತಿನ ಗಾಡಿ ಹೋಗುವಷ್ಟು ಅಗಲ, ಮೇಲೆಲ್ಲ ಲಕ್ಕಿ ಗಿಡ, ಕಳ್ಳಿ, ಹುಲ್ಲು. ಹೊಂಡ ಒಂದು ಪಾಲಿಗೆ ಬಂತು, ಒಡ್ಡು ಇನ್ನೊಂದು ಪಾಲಿಗೆ. ಹೊಂಡವೋ, ಮಳೆಗಾಲದಲ್ಲಿ ಕೆಸರು ತುಂಬಿಕೊಂಡು ಬೇಸಿಗೆಯಲ್ಲಿ ಬತ್ತಿ ಬಾಯಿ ಬಿಡುವ ತಗ್ಗು. ಬಿತ್ತಲಿಕ್ಕೂ ಬಾರದು, ಕುಡಿಯಲಿಕ್ಕೂ ಬಾರದು. ಅಂಥ ಪಾಲನ್ನು ಯಾರು ಆರಿಸುತ್ತಾರೆ?

ಮೈದುನ ಅಣ್ಣನ ಮುಖ ನೋಡಿದ, ಅಪ್ಪನ ಮುಖ ನೋಡಿದ. ಆಗ ಬಾಗಿಲ ಮರೆಯಿಂದ ಸುಶೀಲಾಳ ದನಿ ಬಂತು.

“ಹೊಂಡ ಇದ್ದದ್ದು ತಗೋರಿ. ಎಮ್ಮಿ ಬೀಳಾಕ ನೀರ ಆಕ್ಕೈತಿ.”

ಎಮ್ಮೆ ಬೀಳಲಿಕ್ಕೆ! ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೆ. ಬೈಲಹೊಂಗಲಕ್ಕೆ ಮರಳಿದವಳೇ ಹೋಳಿಗೆ ಮಾಡಿದೆ. ಇವತ್ತೇನು ಹಬ್ಬ ಎಂದು ಮಕ್ಕಳು ಕೇಳಿದರೆ, ನಿಮ್ಮ ಕಾಕೂನ ಎಮ್ಮಿ ಹಬ್ಬ ಎಂದೆ.

ಆ ಹೊಂಡದಲ್ಲಿ ಕಪ್ಪೆ ಇದ್ದವು. ಯಾವ ಹೊಂಡದಲ್ಲಿ ಇರುವುದಿಲ್ಲ? ಆದರೆ ಇವು ಗೂಳಿಗಪ್ಪೆ. ಅಂಗೈ ತುಂಬುವಷ್ಟು ದೊಡ್ಡವು. ವರ್ಷವಿಡೀ ಮಣ್ಣಿನ ಬಣ್ಣದಲ್ಲಿ ಯಾರ ಕಣ್ಣಿಗೂ ಬೀಳದೆ ಇರುತ್ತವೆ. ಮೊದಲ ದೊಡ್ಡ ಮಳೆ ಬಿತ್ತೋ, ಗಂಡುಗಳು ಅರಿಷಿಣ ಹಚ್ಚಿಸಿಕೊಂಡ ಮದುಮಗನ ಹಾಗೆ ಪೂರಾ ಹಳದಿಯಾಗುತ್ತವೆ. ಗಂಟಲಿನ ಎರಡೂ ಬದಿಗೆ ನೀಲಿ ಚೀಲ ಉಬ್ಬುತ್ತವೆ. ಹೆಣ್ಣಿಗಾಗಿ ಒಂದನ್ನೊಂದು ತಳ್ಳಾಡಿಕೊಂಡು, ಕುಸ್ತಿ ಹಿಡಿದು, ಊರಿಗೆಲ್ಲ ಕೇಳುವಂತೆ ಕೂಗುತ್ತವೆ. (ಅಲ್ಲೂ ಹೊಟ್ಟೆಕಿಚ್ಚು ಇದೆ ಎಂದು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು.)

ಮೊದಲು ಇವು ನಮ್ಮ ಭಾಗದ ಎಲ್ಲ ಕೆರೆ ತಗ್ಗುಗಳಲ್ಲಿ ಇದ್ದವಂತೆ. ಆಮೇಲೆ ಗೋಣಿಚೀಲದವರು ಬಂದರು. ಮಳೆಗಾಲ ಶುರುವಾದರೆ ಸಾಕು, ಗ್ಯಾಸ್‌ಬತ್ತಿ ಹಿಡಿದು ಹೊಂಡ ಹೊಂಡ ತಿರುಗಿ ಕಪ್ಪೆ ತುಂಬಿಕೊಂಡು ಹೋಗುತ್ತಿದ್ದರು. ಅದರ ಕಾಲು ಗೋವಾ ಕಡೆಯ ಹೋಟೆಲುಗಳಲ್ಲಿ ಊಟಕ್ಕಾಗುತ್ತದೆ ಎಂದು ಜನ ಮಾತಾಡುತ್ತಿದ್ದರು. ಹಿಡಿಯುವುದು ಕಾನೂನಿಗೆ ವಿರುದ್ಧ. ಆದರೆ ಕಪ್ಪೆ ಏನು ಕೋರ್ಟಿಗೆ ಬರುತ್ತದೆಯೇ? (ಬಂದಿದ್ದರೆ ನಮ್ಮವರಿಗೆ ನಾಲ್ಕು ಕೇಸಾದರೂ ಸಿಗುತ್ತಿದ್ದವು.) ಅದರ ಜೊತೆಗೆ ಹುಳ ಸಾಯಲೆಂದು ಹೊಲಕ್ಕೆ ಹೊಡೆಯುವ ಎಣ್ಣೆ, ತಗ್ಗು ಮುಚ್ಚಿ ಎಬ್ಬಿಸಿದ ಮನೆಗಳು. ಒಂದೊಂದೇ ಊರು ಸುಮ್ಮನಾಯಿತು. ಜನಕ್ಕೆ ಅದು ಗೊತ್ತೂ ಆಗಲಿಲ್ಲ. ಸದ್ದು ಶುರುವಾದರೆ ಗೊತ್ತಾಗುತ್ತದೆ, ನಿಂತರೆ ಯಾರಿಗೆ ಗೊತ್ತಾಗುತ್ತದೆ?

ಗೋಣಿಚೀಲದವರು ಸುಶೀಲಾಳ ಹೊಂಡಕ್ಕೂ ಬಂದಿದ್ದರು. ಆಕೆ ಕಸಬರಿಗೆ ಹಿಡಿದುಕೊಂಡು ಹೊಂಡದವರೆಗೆ ಓಡಿದಳಂತೆ.

“ನಿಮ್ಮ ಬತ್ತಿ ನೋಡಿ ನನ್ನ ಎಮ್ಮಿ ಬೆದರತಾವ. ಬೆದರಿದ ಎಮ್ಮಿ ಹಾಲ ಕೊಡಂಗಿಲ್ಲ. ಹೋಗ್ತೀರೋ, ಇಲ್ಲಾ ಊರಮಂದಿ ಕರೀಲೋ?”

ನೋಡಿ, ಇಷ್ಟೇ. ಇಡೀ ಸಂರಕ್ಷಣೆ ಇಷ್ಟೇ! ಕಪ್ಪೆಯ ಮೇಲಿನ ಪ್ರೀತಿಯೂ ಅಲ್ಲ, ನಿಸರ್ಗದ ಕಾಳಜಿಯೂ ಅಲ್ಲ. ಎಮ್ಮೆಯ ಹಾಲು. ಪ್ರತಿ ವರ್ಷ ಅವರು ಬಂದರು, ಪ್ರತಿ ವರ್ಷ ಈಕೆ ಓಡಿಸಿದಳು. ಹಾಗೆ ಹತ್ತಾರು ಊರಲ್ಲಿ ಹೋದ ಕಪ್ಪೆ ಆ ಒಂದು ಕೊಳಕು ತಗ್ಗಿನಲ್ಲಿ ಉಳಿಯಿತು. ಆಕೆಗೇ ಅದು ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದವಳು ವಾಣಿ. ಧಾರವಾಡದಲ್ಲಿ ಕಪ್ಪೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ಹೆಗಲಿಗೊಂದು ಟೇಪ್‌ರೆಕಾರ್ಡರ್ ಹಾಕಿಕೊಂಡು ಸವದತ್ತಿ, ಯರಗಟ್ಟಿ, ರಾಮದುರ್ಗ ಎಲ್ಲ ತಿರುಗಿ, ತೊರಗಲ್ ಕೋಟೆಯ ಬುಡದವರೆಗೂ ಹೋಗಿ ಬಂದಿದ್ದಳಂತೆ. ಗೂಳಿಗಪ್ಪೆಯ ದನಿ ಎಲ್ಲೂ ಸಿಕ್ಕಿರಲಿಲ್ಲ. ಕಿತ್ತೂರಿಗೆ ಹೋಗುವ ಬಸ್ಸು ನಮ್ಮೂರ ಹತ್ತಿರ ಪಂಕ್ಚರ್ ಆಯಿತು. ಮಳೆ ನಿಂತ ಹೊತ್ತು. ಕೆಳಗಿಳಿದ ಹುಡುಗಿ ಕಿವಿಗೊಟ್ಟಳು, ಹಾಗೇ ಹೊಲದಲ್ಲಿ ನಡೆದಳು, ಸುಶೀಲಾಳ ಹೊಂಡದ ದಂಡೆಯಲ್ಲಿ ಕೂತು ಅತ್ತುಬಿಟ್ಟಳು. ಇದೂ ಪೇಪರಿನಲ್ಲಿ ಬಂದಿದೆ.

ಇನ್ನೊಂದು ಫರ್ಲಾಂಗು ಮುಂದೆ ಪಂಕ್ಚರ್ ಆಗಿದ್ದರೆ ಆ ಬಸ್ಸು ನಮ್ಮ ಹೊಲದ ಮುಂದೆ ನಿಲ್ಲುತ್ತಿತ್ತು. ಇದು ಪೇಪರಿನಲ್ಲಿ ಬಂದಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ವಾಣಿ ಸುಶೀಲಾಳ ಮನೆಯಲ್ಲೇ ಉಳಿದಳು, ಆಕೆಯನ್ನು ಸ್ವಂತ ಚಿಕ್ಕಮ್ಮನೆಂಬಂತೆ ಬಾಯಿ ತುಂಬ “ಚಿಗವ್ವಾ” ಎಂದು ಕರೆದಳು. (ನನಗೆ ಮಾತ್ರ “ಮೇಡಂ”.) ಫಾರೆಸ್ಟಿನ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದು ಹೊಂಡ ನೋಡಿ, ಮನೆಯಲ್ಲಿ ಕೂತು ಝುಣಕ ಉಂಡು ಹೋದರು. ರಾಮದುರ್ಗದ ಕಡೆಯ ಒಂದು ಸಾಲಿಯ ಮಕ್ಕಳು ಟ್ರಿಪ್ ಬಂದರು. ಬೆಂಗಳೂರಿನಿಂದ ಉದ್ದ ಲೆನ್ಸಿನವರು ಬಂದು ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಫೋಟೋ ಹೊಡೆದರು. ಹೊಂಡದ ಪಕ್ಕ ಒಂದು ಬೋರ್ಡು ಎದ್ದಿತು. ಅದರ ಮೇಲೆ ಸುಶೀಲಾಳ ಹೆಸರು, ಕಾಗುಣಿತದ ತಪ್ಪಿಲ್ಲದೆ!

ನಾನು ಅಂಕಣ ಬರೆಯಲು ಶುರುಮಾಡಿ ಎಷ್ಟು ವರ್ಷವಾಯಿತು? ನಮ್ಮ ಓಣಿಯ ಹಾಲಿನವನಿಗೂ ಗೊತ್ತಿಲ್ಲ. ಆದರೆ ಮದುವೆಗೆ ಹೋದರೆ, ಮುಂಜಿವಿಗೆ ಹೋದರೆ, ಎಲ್ಲರೂ ನನ್ನನ್ನು ಹುಡುಕಿಕೊಂಡು ಬಂದು ಕೇಳುವುದು ಒಂದೇ. “ಕಪ್ಪಿ ಸುಶೀಲಾಬಾಯಿ ನಿಮಗ ಏನಾಗಬೇಕ್ರಿ?” ಏನಾಗಬೇಕು? ನನಗೆ ತಲೆನೋವಾಗಬೇಕು!

ಆಯಿತು, ನನಗೇನು ಹೊಲವಿಲ್ಲವೇ? ಹೊಂಡ ತೋಡಲು ಬರುವುದಿಲ್ಲವೇ? ನಮ್ಮವರ ಬೆನ್ನು ಹತ್ತಿ, ನಮ್ಮ ಪಾಲಿನ ಆ ತುದಿಗೆ ಒಂದು ಹೊಂಡ ತೋಡಿಸಿದೆ. ಸುಶೀಲಾಳದಂತೆ ಕೆಸರಿನ ತಗ್ಗಲ್ಲ. ನಾಲ್ಕೂ ಕಡೆ ಕಲ್ಲು ಕಟ್ಟಿಸಿದ್ದು, ಇಳಿಯಲು ಮೆಟ್ಟಿಲು ಇದ್ದದ್ದು, ಬೋರಿನ ನೀರು ಬಿಟ್ಟು ವರ್ಷವಿಡೀ ತುಂಬಿ ತುಳುಕುವಂಥದ್ದು. ನೀರು ಚೊಕ್ಕ ಇರಲಿ ಎಂದು ಮೀನಿನ ಮರಿಗಳನ್ನೂ ತಂದು ಬಿಟ್ಟೆ. ನಾನೇ ಕಪ್ಪೆಯಾಗಿದ್ದರೆ ಎರಡನೆಯ ಯೋಚನೆ ಮಾಡದೆ ಅಲ್ಲಿಗೇ ಬರುತ್ತಿದ್ದೆ.

ಮಳೆ ಬಂತು. ಸುಶೀಲಾಳ ತಗ್ಗು ಕೂಗಿತು. ನನ್ನ ಹೊಂಡದಲ್ಲಿ ಒಂದು ಮಿಂಚುಳ್ಳಿ ಬಂದು ಕೂತು ಮೀನು ತಿಂದು ಹೋಯಿತು.

ಕಡೆಗೆ ನಾಚಿಕೆ ಬಿಟ್ಟು ವಾಣಿಯನ್ನು ಕೇಳಿದೆ. ಆ ಹುಡುಗಿ ನನ್ನ ಹೊಂಡ ಸುತ್ತಿ ನೋಡಿ, ಬೇಜಾರಾಗಬಾರದೆಂದು ಮೆಲ್ಲಗೆ ಹೇಳಿದಳು.

“ಮೀನ ಇದ್ದಲ್ಲಿ ಕಪ್ಪಿ ಮರಿ ಉಳಿಯೂದ ಕಷ್ಟ ರೀ ಮೇಡಂ, ತಿಂದ ಬಿಡತಾವ. ಈ ಕಪ್ಪಿಗೆ ಬ್ಯಾಸಗ್ಯಾಗ ಬತ್ತೂ ಹೊಂಡಾನ ಬೇಕು. ಬತ್ತಿದ್ರ ಮೀನ ಇರೂದಿಲ್ಲ, ನೋಡ್ರಿ. ಚಿಗವ್ವನ ಹೊಂಡ ಅದಕ್ಕ ಅಷ್ಟ ಛಲೋ ಐತಿ.”

ಈಗ ನೀವೇ ಹೇಳಿ. ಜಗತ್ತಿನಲ್ಲಿ ಎಲ್ಲಾದರೂ ಬತ್ತಿದ್ದಕ್ಕೆ ಮರ್ಯಾದೆ ಉಂಟೇ? ತುಂಬಿದ ಹೊಂಡ ಕಟ್ಟಿಸಿದವಳು ಸೋತಳು, ಒಣಗಿದ ಹೊಂಡದವಳು ಗೆದ್ದಳು. ಅವತ್ತು ಹೋಳಿಗೆ ಮಾಡಿದ ಕೈಯನ್ನು ನಾನೇ ನೋಡಿಕೊಂಡೆ. ಸಿಟ್ಟಿಗೆ ಒಂದು ಶಪಥವನ್ನೂ ಮಾಡಿದೆ. ಸುಶೀಲಾಳ ಹೊಂಡದ ಕಡೆ ಕಾಲಿಡುವುದಿಲ್ಲ, ಆ ಅರಿಷಿಣದ ಮದುಮಗನ ಮುಖ ನೋಡುವುದಿಲ್ಲ. ನೋಡಲಿಲ್ಲ ಕೂಡ. ಇಲ್ಲಿಯವರೆಗೆ ಕಪ್ಪೆಯ ಬಣ್ಣ, ಚೀಲ, ಕುಸ್ತಿ ಎಂದೆಲ್ಲ ಬರೆದೆನಲ್ಲ? ಅದೆಲ್ಲ ಆಗ ನಾನು ಪೇಪರಿನಲ್ಲಿ ಓದಿ ತಿಳಿದದ್ದು.

ಈ ವರ್ಷ ಬೇಸಿಗೆಯ ಕೊನೆಗೆ ವಾಣಿ ಬೈಲಹೊಂಗಲದ ನಮ್ಮ ಮನೆಗೆ ಬಂದಳು. ತಾನಾಗಿ ಬಂದದ್ದು ಅದೇ ಮೊದಲು. ಚಹಾ ಕೊಟ್ಟರೆ ಕಪ್ಪು ಕೈಯಲ್ಲೇ ಹಿಡಿದು ಕೂತಳು.

“ಮೇಡಂ, ಮಳಿಗಾಲ ಮುಗದ ಮ್ಯಾಲ ಈ ಕಪ್ಪಿ ಎಲ್ಲಿ ಹೋಗ್ತಾವ ಅನ್ನೂದು ಗೊತ್ತಾಗಿದ್ದಿಲ್ಲ. ಈಗ ಗೊತ್ತಾತ್ರಿ. ನಿಮ್ಮ ಒಡ್ಡಿನ್ಯಾಗ.”

“ನಮ್ಮ ಒಡ್ಡಿನ್ಯಾಗ?”

“ಹೌದ್ರಿ. ಮಣ್ಣಾಗ ಹುದುಗಿ ಮಲಗತಾವ. ಹೊಂಡದಾಗ ಇರೂದು ಬರೇ ಮಳಿ ಇದ್ದಷ್ಟ ದಿನ. ಉಳದ ಕಾಲ ಎಲ್ಲಾ ನಿಮ್ಮ ಹೊಲದಾಗನ ಇರತಾವ.”

ಓದುಗರೇ, ಆ ಕ್ಷಣದ ಸುಖವನ್ನು ಹೇಗೆ ಬಣ್ಣಿಸಲಿ? ಹಾಗಾದರೆ ಸುಶೀಲಾಳ ಹೊಂಡ ಏನು? ಬರೀ ಬಾಣಂತನದ ಮನೆ! ಬಂದು, ಹೆತ್ತು, ಹೋಗುವುದು. ಸಂಸಾರ ಮಾಡುವುದೆಲ್ಲ ನಮ್ಮಲ್ಲಿ.

“ಹಂಗಿದ್ರ ಇದೂ ಪೇಪರಿನ್ಯಾಗ ಬರಬೇಕಲ್ಲ? ಒಡ್ಡಿನ ಫೋಟೋ?” ಎಂದೆ.

ವಾಣಿ ಚಹಾದ ಕಪ್ಪು ಕೆಳಗಿಟ್ಟು, “ಒಡ್ಡಿನ ಫೋಟೋದಾಗ ಏನ ಕಾಣತೈತ್ರಿ ಮೇಡಂ? ಮಣ್ಣು” ಎಂದಳು.

ಬಂದ ಸುಖ ಬಂದ ದಾರಿಯಲ್ಲೇ ಹೋಯಿತು. ಕಪ್ಪೆ ಮಲಗಲು ನನ್ನ ಹೊಲ ಬೇಕು, ಹಳದಿಯಾಗಿ ಕುಣಿಯಲು ಸುಶೀಲಾಳ ಹೊಂಡ ಬೇಕು!

ವಾಣಿ ಬಂದ ಕಾರಣ ಬೇರೆಯೇ ಇತ್ತು. ಆ ಒಡ್ಡು ಒಡೆಸಿ, ನೆಲ ಸಪಾಟು ಮಾಡಿಸಿ, ಕಬ್ಬು ಹಚ್ಚಬೇಕೆಂದು ನಮ್ಮವರು ಡೋಜರ್ ಹೇಳಿದ್ದರು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವವರನ್ನು ಕಂಡು ಅವರಿಗೂ ಆಸೆ ಹುಟ್ಟಿತ್ತು. ಮಳೆ ಬೀಳುವುದರೊಳಗೆ ಕೆಲಸ ಮುಗಿಯಬೇಕಿತ್ತು. ಈ ಸುದ್ದಿ ಊರಲ್ಲಿ ಆಗಲೇ ಹಬ್ಬಿತ್ತು.

“ಒಡ್ಡ ಹೋದ್ರ ಕಪ್ಪಿ ಹೋದ್ವು ಮೇಡಂ. ಮಲಗಿದ್ದಲ್ಲೇ ಸಾಯತಾವ. ಈ ಮಳಿಗೆ ಹೊಂಡ ಸುಮ್ಮನಿರತೈತಿ. ಸುತ್ತಲ ಬ್ಯಾರೆ ಎಲ್ಲೂ ಇಲ್ಲ, ಮತ್ತ ಎಲ್ಲಿಂದ ಬರಬೇಕ್ರಿ?” ಹುಡುಗಿ ಕುರ್ಚಿಯ ತುದಿಗೆ ಸರಿದು ಕೂತಳು. “ನೀವರ ಹೋಗಿ ಕೇಳ್ರಿ ಅಂತ ಚಿಗವ್ವಾಗ ಅಂದೆ. ‘ಅಕ್ಕಾರ ಹೊಲಾ ಐತಿ, ನಾ ಹೆಂಗ ಕೇಳ್ಲಿ’ ಅಂದ್ರು.”

“ನೋಡೂಣು” ಎಂದು ಹೇಳಿ ಕಳಿಸಿದೆ. ಯಜಮಾನರಿಗೆ ಹೇಳಿದೆನೇ? ಇಲ್ಲ.

ಆ ದಿನಗಳು ಹೇಗಿದ್ದವು ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಬಹಳ ರುಚಿಯಾಗಿದ್ದವು. ನಾನು ಏನೂ ಮಾಡಬೇಕಾಗಿರಲಿಲ್ಲ. ಯಾರ ಹೊಂಡಕ್ಕೂ ವಿಷ ಹಾಕಬೇಕಿಲ್ಲ, ಯಾರ ಮೇಲೂ ಚಾಡಿ ಹೇಳಬೇಕಿಲ್ಲ. ನನ್ನ ಹೊಲ, ನನ್ನ ಒಡ್ಡು, ಒಂದು ಮುಂಜಾನೆಯ ಕೆಲಸ. ಸುಶೀಲಾಳ ಬೋರ್ಡು ಅಲ್ಲೇ ಇರುತ್ತದೆ, ಕಪ್ಪೆ ಇರುವುದಿಲ್ಲ. ಬಂದ ಸಾಲಿ ಮಕ್ಕಳು ಖಾಲಿ ನೀರು ನೋಡಿ ಹೋಗುತ್ತಾರೆ. ಮುಂದಿನ ಮದುವೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಅಡುಗೆ ಮಾಡುವಾಗಲೂ ಇದೇ, ಪೂಜೆ ಮಾಡುವಾಗಲೂ ಇದೇ. ದೇವರ ಮುಂದೆ ದೀಪ ಹಚ್ಚಿ ನಿಂತು ಒಡ್ಡು ಒಡೆಯುವುದನ್ನು ನೆನೆದವಳು ಬೈಲಹೊಂಗಲ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ನಡುನಡುವೆ ವಾಣಿಯ ಮುಖ ನೆನಪಾಗಿ ಚುರುಕ್ ಎನ್ನುತ್ತಿತ್ತು. ಆಗ ಬೋರ್ಡನ್ನು ನೆನೆಸಿಕೊಳ್ಳುತ್ತಿದ್ದೆ, ಸರಿಹೋಗುತ್ತಿತ್ತು.

ಡೋಜರ್ ಬರುವ ದಿನ ನಾನೂ ಹೊರಟೆ. “ಬಿಸಿಲಾಗ ನೀ ಯಾಕ ಬರ್ತಿ?” ಎಂದರು ನಮ್ಮವರು. ನೋಡಲಿಕ್ಕೆ ಎಂದೆ. ಸುಳ್ಳೇನಲ್ಲ.

ಡೋಜರ್ ಒಡ್ಡಿನ ಒಂದು ತುದಿಗೆ ಬಾಯಿ ಹಾಕಿತು. ಲಕ್ಕಿ ಗಿಡ ಮುರಿದು ಬಿದ್ದವು, ಕಳ್ಳಿಯ ಹಾಲು ಸೋರಿತು. ಹಳೆಯ ಮಣ್ಣು ಮೇಲೆ ಬಂದ ವಾಸನೆ. ಅಷ್ಟರಲ್ಲಿ ಕಾಲುಹಾದಿಯಲ್ಲಿ ಸುಶೀಲಾ ಬರುವುದು ಕಾಣಿಸಿತು. ಕಂಕುಳಲ್ಲಿ ಒಂದು ಬುಟ್ಟಿ, ಅದರ ಮೇಲೆ ಬಿಳಿ ಅರಿವೆ.

ಬಾ, ಬಾ, ಎಂದುಕೊಂಡೆ. ಈಗ ಬೇಡಿಕೊಳ್ಳುತ್ತಾಳೆ. ‘ಅಕ್ಕಾರ, ಒಡ್ಡ ಉಳಸ್ರಿ’ ಎಂದು ಕೈ ಮುಗಿಯುತ್ತಾಳೆ. ನಾನು ಏನು ಹೇಳಬೇಕೆಂಬುದನ್ನು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡಿದ್ದೆ. ‘ಗಂಡಸರ ವ್ಯವಹಾರ ಸುಶೀಲಾ, ನನ್ನ ಕೈಯಾಗ ಏನೈತಿ?’

ಆಕೆ ನನ್ನ ಹತ್ತಿರ ಬರಲೇ ಇಲ್ಲ. ಸೀದಾ ಡೋಜರಿನ ಹಿಂದೆ ಹೋಗಿ ನಿಂತು, ಎದ್ದ ಮಣ್ಣನ್ನು ಬಗ್ಗಿ ಬಗ್ಗಿ ನೋಡತೊಡಗಿದಳು. ನನಗೆ ತಡೆಯಲಾಗಲಿಲ್ಲ.

“ಏನ ಮಾಡಾಕತ್ತಿ ಸುಶೀಲಾ?”

“ಏನಿಲ್ರಿ ಅಕ್ಕಾರ. ಕಪ್ಪಿ ಎದ್ರ ನಾ ಒಯ್ದ ನಮ್ಮ ಹೊಲದಾಗ ಬಿಡತೇನ್ರಿ. ನಿಮಗಂತೂ ಬ್ಯಾಡ ಆಗ್ಯಾವಲ್ಲ.”

ಏನೆಂದಳು? ನಮ್ಮ ಒಡ್ಡಿನ ಕಪ್ಪೆಯನ್ನು ಆಕೆ ಒಯ್ಯುತ್ತಾಳೆ? ಹೊಂಡವೂ ಆಕೆಯದು, ಬೋರ್ಡೂ ಆಕೆಯದು. ಇನ್ನು ಮಲಗುವ ಮನೆಯೂ ಅಲ್ಲೇ ಆಯಿತೆಂದರೆ ಕಪ್ಪೆ ಪೂರಾ ಆಕೆಯ ಪಾಲಾಯಿತು! ನನಗೆ ಉಳಿಯುವುದು ಕಬ್ಬು.

ಅಷ್ಟರಲ್ಲಿ ಒಂದು ಮಣ್ಣಿನ ಹೆಂಟೆ ಉರುಳಿ ಬಿತ್ತು. ಅದು ಹೆಂಟೆಯಲ್ಲ. ಕಣ್ಣು ತೆರೆಯಿತು. ಮೈಗೆಲ್ಲ ಮಣ್ಣು ಮೆತ್ತಿಕೊಂಡ, ಮಂಕು ಬಡಿದಂತೆ ಕೂತ ಒಂದು ದೊಡ್ಡ ಕಪ್ಪೆ. ಹಳದಿ ಇಲ್ಲ, ನೀಲಿ ಇಲ್ಲ, ಕುಣಿತ ಇಲ್ಲ. ಇಷ್ಟು ವರ್ಷ ನನ್ನ ನಿದ್ದೆ ಕೆಡಿಸಿದ್ದು ಇದೇ ಏನು? ಸುಶೀಲಾ ಬಗ್ಗಿದಳು, ಕೈ ಚಾಚಿದಳು.

“ಕೈ ಹಚ್ಚಬ್ಯಾಡ!” ನಾನು ಕೂಗಿದ ರಭಸಕ್ಕೆ ಡೋಜರಿನ ಡ್ರೈವರ್ ಯಾರೋ ಕೆಳಗೆ ಸಿಕ್ಕಿಬಿದ್ದರೆಂದು ತಿಳಿದು ಗಾಡಿ ನಿಲ್ಲಿಸಿದ. “ಅದು ನಮ್ಮ ಹೊಲದ ಕಪ್ಪಿ! ಒಂದ ಕಪ್ಪಿನೂ ಇಲ್ಲಿಂದ ಹೋಗೂ ಹಂಗಿಲ್ಲ! ಬಂದ್ ಮಾಡ್ರಿ, ಕೆಲಸ ಬಂದ್ ಮಾಡ್ರಿ!”

ನಮ್ಮವರು ಓಡಿ ಬಂದರು. “ಏನಾತ ನಿನಗ?”

“ಒಡ್ಡ ಒಡ್ಯೂದ ಬ್ಯಾಡ.”

“ಕಬ್ಬ?”

“ಕಬ್ಬ ಊರಿಗೆಲ್ಲಾ ಐತಿ. ಕಪ್ಪಿ ಯಾರಿಗೈತಿ?”

ಕೋರ್ಟಿನಲ್ಲಿ ಎಂಥೆಂಥ ವಾದಕ್ಕೂ ಉತ್ತರ ಕೊಡುವವರು ಡ್ರೈವರನಿಗೆ ಕೈ ಮಾಡಿ ಡೋಜರ್ ಹಿಂದಕ್ಕೆ ತೆಗೆಸಿದರು. ನಾನು ಅವರ ಹೆಗಲ ಮೇಲಿನ ಟವೆಲ್ ಕಿತ್ತುಕೊಂಡು, ಕಣ್ಣು ಅರ್ಧ ಮುಚ್ಚಿ, ಆ ಕಪ್ಪೆಯನ್ನು ಎತ್ತಿಕೊಂಡೆ. ಟವೆಲಿನ ಒಳಗಿಂದಲೂ ಅದರ ಎದೆ ಬಡಿಯುವುದು ನನ್ನ ಅಂಗೈಗೆ ತಾಗಿತು. ನಿದ್ದೆಯಲ್ಲಿದ್ದ ಕೂಸನ್ನು ಎಬ್ಬಿಸಿದ ಹಾಗೆ ಕೆಟ್ಟದೆನಿಸಿತು, ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ. ಒಡ್ಡಿನ ಉಳಿದ ಭಾಗದಲ್ಲಿ ಮೆತ್ತನೆಯ ಮಣ್ಣು ಹುಡುಕಿ ಬಿಟ್ಟೆ. ಅದು ಹಿಂಗಾಲಿನಿಂದ ಮಣ್ಣು ಕೆದರುತ್ತ, ಹಿಂದೆ ಹಿಂದೆ ಸರಿದು, ನೋಡನೋಡುತ್ತಿದ್ದಂತೆ ಒಳಗೆ ಇಳಿದುಹೋಯಿತು.

“ತಪ್ಪಾತ್ರಿ ಅಕ್ಕಾರ” ಎಂದಳು ಸುಶೀಲಾ, ತಲೆ ತಗ್ಗಿಸಿ. ಬುಟ್ಟಿ ಎತ್ತಿಕೊಂಡು ಬಂದ ದಾರಿಯಲ್ಲಿ ಹೋದಳು. ನನಗೆ ಏನು ಹೆಮ್ಮೆ! ಬರಿಗೈಯಲ್ಲಿ ಕಳಿಸಿದೆನಲ್ಲ ಎಂದು ಮನೆಗೆ ಬರುವವರೆಗೂ ಸ್ಕೂಟರಿನ ಮೇಲೆ ಬೀಗುತ್ತಲೇ ಬಂದೆ.

ಮುಂದೆ ಮಳೆ ಬಂತು. ಸಣ್ಣ ಮಳೆಯಲ್ಲ, ಬೈಲಹೊಂಗಲದ ಪೇಟೆಯಲ್ಲಿ ಚಪ್ಪಲಿ ತೇಲಿ ಹೋಗುವಂಥದ್ದು. ಮರುದಿನ ಬೆಳಕು ಹರಿಯುತ್ತಲೇ ವಾಣಿಯ ಫೋನ್. “ಮೇಡಂ, ಬರ್ರಿ! ಎದ್ದಾವ! ಒಡ್ಡಿನಿಂದ ಸಾಲ ಹಿಡದ ಇಳೀಲಿಕ್ಕತ್ತಾವ!”

ನನ್ನ ಕಪ್ಪೆಗಳು ಎಂದ ಮೇಲೆ ಹೋಗದೆ ಇರಲಾದೀತೆ? ಶಪಥ ಮುರಿದೆ. ಹೋದೆ, ನೋಡಿದೆ.

ಕಣ್ಣು ಮಿಟುಕಿಸಲೂ ಬಿಡದ ಆ ಹಳದಿಯ ಮುಂದೆ ಪೇಪರಿನವರು ಬರೆದದ್ದು ಏನೂ ಅಲ್ಲ. ಕೆಸರು ನೀರಿನ ತುಂಬ ಅರಿಷಿಣದ ಉಂಡೆಗಳು. ಕೂಗಿದಾಗ ನೀಲಿ ಚೀಲ ಉಬ್ಬುತ್ತದೆ, ಇಳಿಯುತ್ತದೆ. ಒಂದು ಕೂಗಿದರೆ ಅದಕ್ಕಿಂತ ಜೋರಾಗಿ ಇನ್ನೊಂದು. ನನ್ನ ಎದೆಯೂ ಅದೇ ತಾಳಕ್ಕೆ ಹೊಡೆದುಕೊಳ್ಳುತ್ತಿತ್ತು. ಇದನ್ನು ಸುಶೀಲಾ ಪ್ರತಿ ವರ್ಷ ನೋಡಿದ್ದಾಳೆ, ಎಮ್ಮೆ ತೊಳೆಯುತ್ತ, ಪುಕ್ಕಟೆ! ಮತ್ತೆ ಹೊಟ್ಟೆ ಉರಿಯಿತು. ವಾಣಿ ಟೇಪಿನ ಗುಂಡಿ ಒತ್ತಿ, ಪಕ್ಕದೂರಿನ ತಗ್ಗಿನಲ್ಲೂ ಈ ಸಲ ಒಂದೆರಡು ಕೂಗಿವೆ, ಇಲ್ಲಿಂದಲೇ ಹೋದವಿರಬೇಕು ಎಂದಳು. ಎಷ್ಟೋ ವರ್ಷಗಳ ಮೇಲೆ ಅಲ್ಲಿ ದನಿ ಕೇಳಿದ್ದಂತೆ. ಹೇಳುತ್ತ ಹೇಳುತ್ತ ಆ ಹುಡುಗಿ ಮತ್ತೆ ಅತ್ತಳು.

ಸುಶೀಲಾ ದಂಡೆಯ ಮೇಲೆ ಗೋಣಿತಟ್ಟು ಹಾಸಿ, “ಕುಂದರ್ರಿ ಅಕ್ಕಾರ” ಎಂದು ಚಹಾ ಕೊಟ್ಟಳು. ತಾನೂ ಪಕ್ಕದಲ್ಲಿ ಕೂತು, ಕಪ್ಪೆಗಳ ಕಡೆಗೇ ನೋಡುತ್ತ ಕೇಳಿದಳು.

“ಅವತ್ತ ನನ್ನ ಬುಟ್ಟ್ಯಾಗ ಏನಿತ್ತಂತ ತಿಳಿದೀರಿ ಅಕ್ಕಾರ?”

“ಏನಿರತೈತಿ? ಖಾಲಿ ಬುಟ್ಟಿ. ಕಪ್ಪಿ ತುಂಬಾಕ ತಂದಿದ್ದಿ.”

“ಆಳುಮಕ್ಕಳ ರೊಟ್ಟಿ ಇದ್ದುವ್ರಿ” ಎಂದಳು. ತುಟಿ ಬಿಗಿ ಹಿಡಿದಿದ್ದಳು, ಆದರೂ ನಗು ಕಣ್ಣಿನಲ್ಲಿ ತುಳುಕುತ್ತಿತ್ತು. “ಉಣ್ಣೂ ರೊಟ್ಟಿ ಬುಟ್ಟ್ಯಾಗ ಯಾರರ ಕಪ್ಪಿ ತುಂಬತಾರೇನ್ರಿ? ಒಡ್ಡ ಉಳಸ್ರಿ ಅಂತ ಕೈ ಮುಗದಿದ್ರ ನೀವು ಕೇಳತಿದ್ದಿಲ್ಲ. ನಾ ಒಯ್ತೇನಿ ಅಂದ್ರ ಮಾತ್ರ ಒಂದ ಕಪ್ಪಿನೂ ಕೊಡಂಗಿಲ್ಲ ಅಂತ ನನಗ ಗೊತ್ತಿತ್ರಿ.”

ಉಳಿದ ಚಹಾ ಒಂದೇ ಗುಟುಕಿಗೆ ಕುಡಿದೆ. ಹೊಟ್ಟೆಕಿಚ್ಚಿಗೂ ಒಂದು ಉಪಯೋಗವಿದೆ, ಒಪ್ಪಿದೆ. ಆದರೆ ಅದನ್ನು ಕಂಡುಹಿಡಿದ ಕೀರ್ತಿಯೂ ಆಕೆಗೇ ಹೋಗಬೇಕೇ?